ನಾಡಿ ಸಿಗದ ದರ್ಜಿ

ಊಟವಾದ ಮೇಲೆ ಮಿಷನ್ನಿನ ಮುಂದೆಯೇ ಒಂದು ನಿದ್ದೆ ತೆಗೆಯುವುದು ದರ್ಜಿಯ ಹಳೆಯ ಚಟ. ಗುಂಡಿಗೆ ಕೆಟ್ಟರೂ ಚಟ ಕೆಡಲಿಲ್ಲ.

ಕೆಟ್ಟ ಗುಂಡಿಗೆಗೆ ಆಸರೆಯಾಗಿ ಡಾಕ್ಟರು ಎದೆಯೊಳಗೆ ಪುಟ್ಟ ಪಂಪು ಕೂರಿಸಿದ್ದರು. ಅದರ ಬ್ಯಾಟರಿ ಹೆಗಲ ಚೀಲದಲ್ಲಿ. ಪಂಪು ರಕ್ತವನ್ನು ನಲ್ಲಿ ನೀರಿನಂತೆ ಒಂದೇ ಸಮ ಹರಿಸುವುದರಿಂದ ಕೈ ಹಿಡಿದರೆ ನಾಡಿ ಸಿಗುತ್ತಿರಲಿಲ್ಲ. ಬದಲಿ ಗುಂಡಿಗೆ ಸಿಕ್ಕ ಕೂಡಲೇ ಆಸ್ಪತ್ರೆಯಿಂದ ಫೋನು ಬರುತ್ತದೆ, ಆ ಕ್ಷಣವೇ ಹೊರಡಬೇಕು. ಹೆಂಡತಿಯನ್ನು ಬಿಟ್ಟರೆ ಈ ಸಂಗತಿ ಅವನು ಯಾರಿಗೂ ಹೇಳಿರಲಿಲ್ಲ. ಇಂದೋ ನಾಳೆಯೋ ಅನ್ನುವವನ ಕೈಗೆ ಕೋಟಿನ ಬಟ್ಟೆ ಯಾರು ಕೊಡುತ್ತಾರೆ?

ಅಂದು ಪ್ಯಾಂಟು ಕೇಳಲು ಬಂದವರು ಎದುರುಮನೆಯ ನಿವೃತ್ತ ಕಂಪೌಂಡರ್. ಕಂಡವರ ಕೈ ಹಿಡಿದು ನಾಡಿ ನೋಡದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ. ಕೂಗಿದರು, ಮಾತ್ರೆಯ ಮಂಪರಿನಲ್ಲಿದ್ದ ದರ್ಜಿ ಏಳಲಿಲ್ಲ. ಎಡಗೈ ಹಿಡಿದು ನೋಡಿದರು, ಬಲಗೈ ಹಿಡಿದು ನೋಡಿದರು.

“ಮುಗೀತು,” ಅಂದರು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ.

ಸುದ್ದಿ ಬೀದಿಗೆ ಬಿತ್ತು. ಪಕ್ಕದ ಬೇಕರಿಯವನು ಬಂದ, ಹಿಂದೆಯೇ ಅವನ ಅಕ್ಕ.

“ಎಂಥಾ ಒಳ್ಳೇ ಮನುಷ್ಯ,” ಅಂದಳು ಅಕ್ಕ. “ನನ್ನ ಕೋಟು ಆಗಿತ್ತೋ ಇಲ್ವೋ?”

“ಒಂದು ತೋಳು ಬಾಕಿ ಇದೆ ಅಂತಿದ್ದ. ಇನ್ನು ಒಂದೇ ತೋಳಲ್ಲಿ ಹಾಕ್ಕೋ,” ಅಂದ ತಮ್ಮ.

“ಸತ್ತವರ ಮುಂದೆ ಇದೇನ್ರೀ ಮಾತು,” ಎಂದು ಗದರಿದ ಕಂಪೌಂಡರ್, ತಮ್ಮ ಪ್ಯಾಂಟನ್ನು ಮೆಲ್ಲಗೆ ಕಂಕುಳಿಗೆ ಸೇರಿಸಿಕೊಂಡರು.

ಅಕ್ಕ ಬಟ್ಟೆಯ ರಾಶಿಯನ್ನೆಲ್ಲ ಒಂದೊಂದಾಗಿ ಬಿಡಿಸಿ ನೋಡಿ, ಕೊನೆಗೆ ದರ್ಜಿಯ ಹೆಗಲ ಚೀಲಕ್ಕೆ ಕೈ ಹಾಕಿದಳು.

“ಅದನ್ನ ಮುಟ್ಟಬೇಡಮ್ಮಾ,” ಅಂದಿತು ಹೆಣ.

ಅಕ್ಕ ಬಟ್ಟೆರಾಶಿಯ ಮೇಲೆ ಕುಸಿದಳು. ಬೇಕರಿಯವನು ಬಾಗಿಲಾಚೆ ಹೋಗಿ ನಿಂತ. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ದರ್ಜಿ ಅಂಗಿ ಎತ್ತಿ ವಯರು ತೋರಿಸಿ, ಪಂಪಿನ ಕತೆಯನ್ನೆಲ್ಲ ಹೇಳಿದ.

“ಮೊದಲೇ ಬಾಯಿ ಬಿಡಬಾರದಿತ್ತೇನಯ್ಯಾ,” ಅಂದರು ಕಂಪೌಂಡರ್. “ಫೋನಲ್ಲಿ ಬೇರೆ ಹೇಳಿಬಿಟ್ಟೆ.”

“ಯಾವ ಫೋನು?”

“ನಿಂದೇ. ಇವರೆಲ್ಲ ಬರೋಕೆ ಮೊದಲೇ ಬಂತು. ಸಾವಿನ ಹೊತ್ತಲ್ಲಿ ಗಲಾಟೆ ಬೇಡ ಅಂತ ತಕ್ಷಣ ಎತ್ತಿದೆ. ಆಸ್ಪತ್ರೆಯವರು. ಕೂಡಲೇ ಕಳಿಸಿ ಅಂದ್ರು. ಇನ್ನೆಲ್ಲಿ ಕಳಿಸ್ಲಿ, ತೀರಿಕೊಂಡ್ರು ಅಂದೆ. ಪಾಪ, ಬಹಳ ನೊಂದ್ಕೊಂಡ್ರು.”

ದರ್ಜಿ ಫೋನು ಕಸಿದುಕೊಂಡು ಆಸ್ಪತ್ರೆಗೆ ಕರೆ ಮಾಡಿದ.

“ನೀವಾ?” ಅಂದಳು ನರ್ಸಮ್ಮ. “ಪಟ್ಟಿಯಲ್ಲಿ ನಿಮ್ಮ ನಂತರದವರು ಇಲ್ಲೇ ವಾರ್ಡಲ್ಲಿದ್ರು, ಅಣ್ಣ. ಆಪರೇಷನ್ನಿಗೆ ಈಗಷ್ಟೇ ಒಳಗೆ ಕರ್ಕೊಂಡು ಹೋದ್ರು.”

ದರ್ಜಿಗೆ ಅಳು ಒತ್ತರಿಸಿ ಬಂತು. ಕಂಪೌಂಡರ್ ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡರು. “ಇನ್ನೊಂದು ಸಿಗುತ್ತೆ, ಧೈರ್ಯವಾಗಿರು,” ಅನ್ನುತ್ತಿದ್ದಂತೆ ಅವರ ಬೆರಳುಗಳು ಅಭ್ಯಾಸಬಲದಿಂದ ಮಣಿಕಟ್ಟಿಗೆ ಜಾರಿದವು. ಸ್ವಲ್ಪ ಹೊತ್ತು ಹುಡುಕಿದರು.

“ಬೇಜಾರು ಮಾಡ್ಕೋಬೇಡ,” ಅಂದರು. “ಈಗಲೂ ಸಿಗ್ತಾ ಇಲ್ಲ.”