ರೋಬೊಟ್ಟಿನ ಹಣೆ

ಶಿವರುದ್ರಮ್ಮನವರಿಗೆ ರೋಬೊಟ್ಟಿನ ಹಣೆ ಯಾವುದೆಂದು ತಿಳಿಯಲಿಲ್ಲ. ಎಡವಟ್ಟು ಶುರುವಾದದ್ದೇ ಅಲ್ಲಿಂದ. ಕುಣಿಗಲ್ಲಿನಿಂದ ಬಂದಿದ್ದ ಆಕೆ, ಹಣೆಗೆ ವಿಭೂತಿಯಿಡದೆ ಯಾರನ್ನೂ ಹೊಸಿಲು ದಾಟಿಸುವವರಲ್ಲ. ಅಳಿಯ ಸೋಮಶೇಖರ್ ಸ್ನಾನಕ್ಕೆ ಹೋದಾಗ, ಚಾರ್ಜಿಗಿಟ್ಟಿದ್ದ ಯಂತ್ರವನ್ನು ಬೋರಲು ಹಾಕಿ ನೋಡಿದರು. ಹೊಟ್ಟೆಯಡಿ ಪುಟ್ಟ ಗಾಜೊಂದು ಕೆಂಪಗೆ ಹೊಳೆಯುತ್ತಿತ್ತು. ಇದೇ ಇರಬೇಕೆಂದು, ವಿಭೂತಿಯನ್ನು ನೀರಲ್ಲಿ ಕಲಸಿ ದಪ್ಪಗೆ ಮೂರು ಗೆರೆ ಎಳೆದರು.

ಅದು ಹಣೆಯಲ್ಲ, ಕಣ್ಣು. ನೆಲ ಹಿಂದಕ್ಕೆ ಸರಿಯುವುದನ್ನು ನೋಡಿಯೇ ತಾನೆಷ್ಟು ದೂರ ಬಂದೆನೆಂದು ರೋಬೊಟ್ ಲೆಕ್ಕ ಹಾಕುವ ಸೆನ್ಸರು. ಈಗ ಅದಕ್ಕೆ ವಿಭೂತಿಯೊಂದೇ ಕಾಣುತ್ತಿತ್ತು.

ಸೋಮಶೇಖರ್ ತುಮಕೂರಿನ ಖಾಸಗಿ ಪಾಲಿಟೆಕ್ನಿಕ್ಕೊಂದರಲ್ಲಿ ಮೇಷ್ಟ್ರು. ಅಂದಿನ ರೋಬೊಟ್ ಸ್ಪರ್ಧೆಯ ವಿಷಯದಲ್ಲಿ ಪ್ರಿನ್ಸಿಪಾಲ್ ಮಹಾಲಿಂಗಯ್ಯ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಕಪ್ ಬಂದ್ರೆ ಲ್ಯಾಬ್ ನಿಮ್ದು. ಇಲ್ಲಾಂದ್ರೆ ಹಾಸ್ಟೆಲ್ ಮೆಸ್ ನೋಡ್ಕೊಳ್ಳಿ." ಮೆಸ್ ಎಂದರೆ ಸೋಮಶೇಖರನಿಗೆ ಜೀವ ಬಾಯಿಗೆ ಬರುತ್ತಿತ್ತು. ಮುದ್ದೆ ಗಟ್ಟಿಯಾಯಿತೆಂದು ಹುಡುಗರು ಎಬ್ಬಿಸಿದ ಗಲಾಟೆಗೆ, ಹಿಂದಿನ ಮೇಷ್ಟ್ರು ಕೆಲಸ ಬಿಟ್ಟು ತಮ್ಮೂರು ಗುಬ್ಬಿಗೆ ಹೋಗಿ ಕೂತಿದ್ದರು.

ಸ್ಪರ್ಧೆ ಅದೇ ಕಾಲೇಜಿನಲ್ಲಿ. ತಲೆಯ ಮೇಲಿನ ತಟ್ಟೆಯಲ್ಲಿ ಚೆಂಡು ಹೊತ್ತು ಎರಡು ಮೀಟರ್ ಹೋಗಿ, ನಿಂತು, ವಾಪಸ್ಸು ಬರಬೇಕು. ನಡುವೆ ಮುಟ್ಟಿದರೆ ಔಟ್.

ರೋಬೊಟ್ ಹೊರಟಿತು. ನಿಲ್ಲಬೇಕಾದ ಗೆರೆ ದಾಟಿತು, ಬಾಗಿಲನ್ನೂ ದಾಟಿತು. ಇನ್ನೂ ಹೊರಟೇ ಇಲ್ಲವೆಂದುಕೊಂಡದ್ದು ನಿಲ್ಲುವುದಾದರೂ ಹೇಗೆ?

"ಎಲ್ಲಿಗ್ರೀ ಹೊರಟ್ತು?" ಎಂದರು ತೀರ್ಪುಗಾರ ನಾಗೇಶ್.

"ಬರುತ್ತೆ ಸಾರ್, ಬರುತ್ತೆ."

"ಮುಟ್ಬೇಡಿ ಮತ್ತೆ."

ಸೋಮಶೇಖರ್ ಕೈ ಹಿಂದೆ ಕಟ್ಟಿಕೊಂಡು, ಆಗತಾನೇ ನಡೆಯಲು ಕಲಿತ ಮಗುವಿನ ಅಪ್ಪನಂತೆ ಅದರ ಹಿಂದೆ ಓಡಿದ.

ವರಾಂಡದ ಕೊನೆಗೆ ಊಟದ ಹಾಲ್. ಅತಿಥಿಗಳು ಚಾಪೆಯ ಮೇಲೆ ಎದುರುಬದುರು ಪಂಕ್ತಿ ಕೂತಿದ್ದರು. ಬಡಿಸುತ್ತಿದ್ದ ಚನ್ನವೀರಯ್ಯನಿಗೆ ಬೆಳಗಿನಿಂದ ಸೊಂಟನೋವು. "ಪ್ರಿನ್ಸಿಪಾಲ್ರು ಮಿಷಿನ್ ಕಳ್ಸವ್ರೆ, ಪುಣ್ಯಾತ್ಮರು," ಎನ್ನುತ್ತ ಚೆಂಡು ತೆಗೆದು ತಟ್ಟೆ ತುಂಬ ವಡೆ ಹೇರಿದ. ರೋಬೊಟ್ ಸಾಲಿನ ನಡುವೆ ಗಂಭೀರವಾಗಿ ಸಾಗಿತು. ಅವರೂ ಎತ್ತಿಕೊಂಡರು, ಇವರೂ ಎತ್ತಿಕೊಂಡರು. ಕೊನೆಗೆ ಮಹಾಲಿಂಗಯ್ಯನವರ ಪಕ್ಕದ ಗೋಡೆಗೆ ಗುದ್ದಿ ಮಗುಚಿತು. ಹೊಟ್ಟೆಯಡಿಯ ಮೂರು ಗೆರೆ ಕಂಡು ಸೋಮಶೇಖರ್ "ಅಯ್ಯೋ ಅತ್ತೆ" ಎಂದು ಹಣೆ ಚಚ್ಚಿಕೊಂಡ.

ನಾಲ್ಕು ವಡೆ ತಿಂದಿದ್ದ ಮುಖ್ಯ ಅತಿಥಿಗಳು ಸಂಜೆ ಮೈಕು ಹಿಡಿದರು. "ಉಳಿದವೆಲ್ಲ ಹೋದ್ವು, ಬಂದ್ವು. ಅದ್ರಿಂದ ಯಾರಿಗ್ರೀ ಉಪಯೋಗ? ವಡೆ ತಂದಿದ್ದಕ್ಕೇ ಕಪ್."

ಸೋಮಶೇಖರ್ ಕಪ್ಪನ್ನು ಎದೆಗವಚಿಕೊಂಡು ಪ್ರಿನ್ಸಿಪಾಲರ ಮುಂದೆ ನಿಂತ. "ಸಾರ್, ಲ್ಯಾಬು..."

"ನಿಮ್ದೇ ಕಣ್ರೀ. ಮಾತು ಅಂದ್ರೆ ಮಾತು," ಎಂದರು ಮಹಾಲಿಂಗಯ್ಯ. "ನಾಳೆ ಲ್ಯಾಬನ್ನ ಮೆಸ್ಸಿಗೇ ಶಿಫ್ಟ್ ಮಾಡಿಸ್ತೀನಿ. ಆ ಮಿಷಿನ್‌ಗೆ ಮುದ್ದೆ ಬಡ್ಸೋದು ಕಲ್ಸಿ. ಅದು ಕಲಿಯೋವರ್ಗೂ ನೀವೇ ಬಡ್ಸಿ."