ನಾಲ್ಕು ಕಾಲಿನ ಗಿರಾಕಿ

ಹೆಂಡತಿ: ಮೂಗು ಇದೆ ರೀ, ಸರಿಯಾಗಿ ನೋಡಿ. ಸ್ವಲ್ಪ ಒಳಗಿದೆ, ಅಷ್ಟೆ.

ಗಂಡ: ಒಳಗಿರೋ ಮೂಗನ್ನ ಹೊರಗಿಂದ ಹೇಗೆ ನೋಡ್ಲಿ? ಓಡಿ ಬಂದು ಗೋಡೆಗೆ ಗುದ್ದಿಕೊಂಡ ಮುಖ ಅದು.

ಹೆಂಡತಿ: ಪರ್ಷಿಯನ್ ಜಾತಿ ಬೆಕ್ಕು. ಮುಖ ಚಪ್ಪಟೆ ಇದ್ದಷ್ಟೂ ಬೆಲೆ ಜಾಸ್ತಿಯಂತೆ.

ಗಂಡ: ಹಾಗಾದ್ರೆ ನಮ್ಮ ಇಸ್ತ್ರಿಪೆಟ್ಟಿಗೆಗೂ ಒಳ್ಳೆ ಬೆಲೆ ಬರುತ್ತೆ, ಮಾರಿಬಿಡು.

ಕ್ಷೌರದಂಗಡಿಗೆ ಅಂದು ವಾರದ ರಜೆ. ಅದರ ಹಿಂಬದಿಯ ಮನೆಯಲ್ಲಿ ಕ್ಷೌರಿಕನಿಗೂ ಅವನ ಹೆಂಡತಿಗೂ ಬೆಳಗಿನಿಂದ ಇದೇ ಜಟಾಪಟಿ. ಬೆಕ್ಕು ನಾದಿನಿಯದು. ಅವಳ ಹೊಸ ಬಾಡಿಗೆ ಮನೆಯಲ್ಲಿ ಪ್ರಾಣಿ ಸಾಕುವಂತಿರಲಿಲ್ಲ. ವಾರದ ಮಟ್ಟಿಗೆ ಇಟ್ಟುಕೊಂಡು ನೋಡಿ, ಒಗ್ಗದಿದ್ದರೆ ಬೇರೆ ಯಾರಿಗಾದರೂ ಕೊಡುತ್ತೇನೆ ಎಂದು ಬಿಟ್ಟುಹೋಗಿದ್ದಳು. ಈ ಸಂಜೆ ತೀರ್ಪು. ಕ್ಷೌರಿಕನ ತೀರ್ಪು ಮೊದಲ ದಿನವೇ ಆಗಿಹೋಗಿತ್ತು. ದಿನವಿಡೀ ಅಂಗಡಿಯಲ್ಲಿ ಕೂದಲು ಗುಡಿಸಿದವನಿಗೆ ಮನೆಯಲ್ಲೂ ಕೂದಲೇ ಎಂದರೆ ಅದು ಯಾವ ಜನ್ಮದ ಕರ್ಮವೋ.

ಗಂಡ: ಹೋಗ್ಲಿ, ಇಲಿ ಹಿಡಿಯುತ್ತಾ?

ಹೆಂಡತಿ: ನಿನ್ನೆ ಒಂದು ಇಲಿ ಬಂದಿತ್ತು. ಇದು ನೋಡ್ತು.

ಗಂಡ: ನೋಡಿ?

ಹೆಂಡತಿ: ದಾರಿ ಬಿಡ್ತು.

ಗಂಡ: ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂದ್ರು ಹಿರಿಯರು. ಪಾಪ, ಅವರಿಗೆ ಈ ಜಾತಿ ಪರಿಚಯ ಇರ್ಲಿಲ್ಲ.

ಹೆಂಡತಿ: ಇಲಿ ಹಿಡಿಯೋಕಾದ್ರೆ ಬೋನು ತರ್ತಿದ್ದೆ. ನೀವು ಅಂಗಡೀಲಿ ಊರಿಗೆಲ್ಲ ಮಾತು ಹಂಚಿ, ಒಳಗೆ ಬಂದ ಮೇಲೆ ಬರೀ ‘ಹೂಂ’ ಅಂತೀರಿ. ಇದು ನಾನು ಮಾತಾಡಿದ್ರೆ ಮುಖ ಎತ್ತಿ ಕೇಳುತ್ತೆ.

ಗಂಡ: ಹೂಂ.

ಬಾಯಿಂದ ಹೊರಬಿದ್ದ ಮೇಲೆ ಕ್ಷೌರಿಕನಿಗೆ ಪೆಚ್ಚೆನಿಸಿತು. ಹೆಂಡತಿಯ ಮುಖ ನೋಡಲಾಗದೆ ಬೆಕ್ಕನ್ನು ನೋಡಿದ. ಅದರ ಕಿವಿಯ ಹಿಂದೆ ಕೂದಲು ಜಡೆಗಟ್ಟಿ ಉಂಡೆಯಾಗಿತ್ತು.

ಗಂಡ: ಇದೇನಿದು ಗಂಟು?

ಹೆಂಡತಿ: ದಿನಾ ಬಾಚ್ಬೇಕು. ಅಲ್ಲಿ ನಂಗೆ ಕೈ ತಿರುಗಲ್ಲ. ಸಂಜೆ ಹೋಗೋ ಬೆಕ್ಕು, ನಿಮಗ್ಯಾಕೆ ಆ ಉಸಾಬರಿ?

ಗಂಡ: ಹೋಗೋದು ಹೋಗ್ಲಿ. ಕ್ಷೌರಿಕನ ಮನೆಯಿಂದ ಈ ಅವತಾರದಲ್ಲಿ ಹೋದ್ರೆ ನನ್ನ ಮಾನ ಉಳಿಯುತ್ತಾ?

ಬೆಕ್ಕನ್ನು ಎತ್ತಿಕೊಂಡು ಹೋಗಿ ಅಂಗಡಿಯ ಕುರ್ಚಿಯಲ್ಲಿ ಕೂರಿಸಿದ. ಅದರ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿದ. ಮೀಡಿಯಮ್ಮೋ ಶಾರ್ಟೋ ಎಂದು ಅಭ್ಯಾಸಬಲದಿಂದ ಕೇಳಿಯೂಬಿಟ್ಟ. ಆಮೇಲೆ ಎಲ್ಲ ಗಿರಾಕಿಗಳಿಗೂ ಮಾಡುವಂತೆ ತಲೆಗೆ ಚುಯ್ ಚುಯ್ ಎಂದು ನೀರು ಹೊಡೆದ. ಹೆಂಡತಿ ಬೇಡ ಬೇಡ ಎಂದು ಓಡಿಬರುವಷ್ಟರಲ್ಲಿ ಗಂಟು ನೆನೆದು, ಹಳೇ ಕಂಬಳಿಯ ಚೂರಿನಂತೆ ಬಿಗಿದುಕೊಂಡಿತ್ತು.

ಹೆಂಡತಿ: ಗಂಟನ್ನ ಒಣಗಿದ್ದಾಗಲೇ ಬಿಡಿಸ್ಬೇಕು, ನೀರು ಸೋಕಿಸ್ಬಾರ್ದು ಅಂತ ತಂಗಿ ಸಾರಿ ಸಾರಿ ಹೇಳಿದ್ಲು. ಅದಕ್ಕೂ ನೀವು ‘ಹೂಂ’ ಅಂದಿದ್ರಿ.

ಗಂಡ: ಕತ್ತರಿ ಹಾಕಿಬಿಡ್ಲಾ?

ಹೆಂಡತಿ: ಹಾಕಿ. ಇದರ ಚರ್ಮ ಕಾಗದದಷ್ಟು ತೆಳು. ಕೂದಲಿನ ಜೊತೆ ಕಿವೀನೂ ಬರುತ್ತೆ, ಅಂಗಡೀಲಿ ತೂಗುಹಾಕಿ.

ಕ್ಷೌರಿಕ ಕತ್ತರಿಯನ್ನು ತೆಪ್ಪಗೆ ಕೆಳಗಿಟ್ಟ. ಟವೆಲಿನಿಂದ ಒತ್ತಿ ಒರೆಸಿದ, ಒಣಗುವ ತನಕ ಕಾದ, ಪೌಡರ್ ಉದುರಿಸಿ ಬುಡ ಹಿಡಿದು ಎಳೆ ಎಳೆಯಾಗಿ ಬಿಡಿಸತೊಡಗಿದ. ಬೆಕ್ಕು ಕಣ್ಣು ಮುಚ್ಚಿ ಹಿತವಾಗಿ ಗುರುಗುಟ್ಟಿತು. ಇಷ್ಟು ವರ್ಷದಲ್ಲಿ ಯಾವ ಗಿರಾಕಿಯೂ ಅವನ ಕೈಯ ಬಗ್ಗೆ ಇಷ್ಟು ಒಳ್ಳೆಯ ಅಭಿಪ್ರಾಯ ಕೊಟ್ಟಿರಲಿಲ್ಲ. ಅವನಿಗೆ ಒಳಗೊಳಗೇ ಖುಷಿಯಾಯಿತು.

ಅಷ್ಟರಲ್ಲಿ ನಾದಿನಿ ಬುಟ್ಟಿ ಹಿಡಿದು ಬಂದಳು. ಹೆಂಡತಿ ಬೆಕ್ಕಿನ ಬಟ್ಟಲು, ಬಾಚಣಿಗೆ ಎಲ್ಲ ಕಟ್ಟಿ ಬಾಗಿಲ ಬಳಿ ತಂದಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಕ್ಷೌರಿಕ ಅದನ್ನು ಕನ್ನಡಿಯಲ್ಲಿ ನೋಡಿದ.

ನಾದಿನಿ: ಭಾವ, ನಿಮಗೆ ಒಗ್ಗಲಿಲ್ಲವಂತೆ, ಅಕ್ಕ ಹೇಳಿದ್ಲು. ಎತ್ಕೊಡಿ, ಕತ್ತಲಾಗೋದ್ರೊಳಗೆ ಹೊರಡ್ತೀನಿ.

ಗಂಡ: ಎತ್ಕೊಡೋದು ಹೇಗಮ್ಮ? ಕೆಲಸ ಇನ್ನೂ ಮುಗಿದಿಲ್ಲ. ಕುರ್ಚಿ ಹತ್ತಿದ ಗಿರಾಕಿನ ಅರ್ಧಕ್ಕೆ ಇಳಿಸೋ ಪದ್ಧತಿ ನಮ್ಮಲ್ಲಿಲ್ಲ.

ನಾದಿನಿ: ಆಯ್ತು, ಕಾಯ್ತೀನಿ. ಎಷ್ಟು ಹೊತ್ತಾಗುತ್ತೆ?

ಗಂಡ: ಈ ಜಾತಿ ಬೆಕ್ಕು ಎಷ್ಟು ವರ್ಷ ಬದುಕುತ್ತೆ?

ನಾದಿನಿ: ಚೆನ್ನಾಗಿ ನೋಡ್ಕೊಂಡ್ರೆ ಹದಿನೈದು ವರ್ಷ.

ಗಂಡ: ಹಾಂ, ಅಷ್ಟು ಹೊತ್ತಾಗುತ್ತೆ. ಆಮೇಲೆ ಬಾ.