ಕದಲದ ವಿದ್ಯಾರ್ಥಿ

ಫೋನಿನಲ್ಲಿ ಪಾಠ ಕಲಿಯುವುದೇನು ಮಹಾ! ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೇನು, ಯಾರ ಕೈಕಾಲೂ ಹಿಡಿಯದೆ ಕಲಿತು ತೋರಿಸುತ್ತೇನೆ ಎಂದು ಅಡುಗೆಮನೆಯ ನಡುವೆ ನಿಂತು ಘೋಷಿಸಿದೆ. ಕೇಳಿಸಿಕೊಂಡವಳು ನಾದಿನಿ ಒಬ್ಬಳೇ. ಇನ್ನೊಬ್ಬರು ಗೋಡೆಯ ಮೇಲಿದ್ದರು.

ಗೋಡೆಯ ಮೇಲಿರುವವರು ನಮ್ಮವರು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಅಡುಗೆಯವರ ಫೋಟೊ ಅಡುಗೆಮನೆಯಲ್ಲೇ ಇರಲಿ ಎಂದು ಒಲೆಯ ಎದುರು ಗೋಡೆಗೆ ತೂಗುಹಾಕಿದ್ದೇನೆ. ಬದುಕಿದ್ದಾಗ ಒಂದು ಕಡೆ ಕೂತವರಲ್ಲ. ಊಟದ ನಡುವೆಯೂ ಎದ್ದು ಹೋಗಿ ಕಿಟಕಿಯಲ್ಲಿ ಬೀದಿ ನೋಡಿ ಬರುವರು. "ಒಂದು ಗಳಿಗೆ ಅಲ್ಲಾಡದೆ ಕೂತ್ಕೊಳ್ರೀ" ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು.

ಈಗ ಅಲ್ಲಾಡುವುದಿಲ್ಲ.

ಕ್ಯಾಂಟೀನಿನಲ್ಲಿ ಅವರ ಒಲೆ ಈಗ ನನ್ನದು. ಅದಕ್ಕೇ ಕುತ್ತು ಬಂತು. ಮ್ಯಾನೇಜರು ಕರೆದು ಹೇಳಿದರು: "ನೋಡಮ್ಮ, ಇನ್ಮೇಲೆ ಒಲೆ ಮುಂದೆ ನಿಲ್ಲೋರು ಶುಚಿತ್ವದ ಆನ್‌ಲೈನ್ ಕ್ಲಾಸು ಮುಗಿಸಿ ಸರ್ಟಿಫಿಕೇಟು ತರ್ಬೇಕು. ಇಲ್ದಿದ್ರೆ ಪಾತ್ರೆ ತೊಳೆಯೋ ಕಡೆಗೆ."

ಪಾತ್ರೆ ತೊಳೆಯುವುದು ಕೀಳಲ್ಲ. ಆದರೆ ಅವರು ನಿಂತ ಜಾಗದಲ್ಲಿ ಇನ್ಯಾರೋ ನಿಂತು ಸೌಟು ಆಡಿಸುವುದು, ನಾನು ತೊಟ್ಟಿಯ ಪಕ್ಕದಿಂದ ನೋಡುವುದು, ಅದು ನನ್ನಿಂದಾಗದು.

ಮನೆಯಲ್ಲಿರುವ ಫೋನು ಅವರದೇ. ನಾದಿನಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಅತ್ತಿಗೆ, ಇದರಲ್ಲಿ ಇನ್ನೂ ಅಣ್ಣನ ಹೆಸರೇ ಇದೆ. ಬದಲಾಯಿಸ್ತೀನಿ."

"ಇರ್ಲಿ ಬಿಡು."

"ಕ್ಲಾಸಲ್ಲಿ ತೊಂದರೆ ಆಗುತ್ತೆ."

"ಬ್ಯಾಂಕಲ್ಲಿ ಅಳಿಸಿದ್ರು. ಕ್ಯಾಂಟೀನಲ್ಲಿ ಅಳಿಸಿದ್ರು. ಇಲ್ಲೊಂದು ಕಡೆ ಇದ್ರೆ ಯಾರಿಗೇನು ಭಾರ?"

ಅವಳು ಹೆಸರು ಬದಲಾಯಿಸದೆ ಫೋನನ್ನು ನನ್ನ ಕೈಗಿಟ್ಟಳು. ಸುಲಭಕ್ಕೆ ಬಿಟ್ಟುಕೊಡುವ ಹೆಣ್ಣಲ್ಲ. ಆಮೇಲೆ ಮೆಲ್ಲಗೆ, "ಫೋನು ಹೇಗೆ ಇಡ್ಬೇಕು ಅಂತಾದ್ರೂ ತೋರಿಸ್ಲಾ? ಮುಖ ಕಾಣ್ಬೇಕಂತೆ" ಎಂದಳು.

"ಈ ಮನೇಲಿರೋ ಸಾಮಾನೆಲ್ಲಾ ಇಟ್ಟಿರೋಳೇ ನಾನು! ಒಂದು ಫೋನು ಇಡೋಕೆ ಬರಲ್ವಾ?"

ಇಟ್ಟೆ! ಒಲೆಯ ಮೇಲಿನ ಹಲಗೆಯಲ್ಲಿ, ಉಪ್ಪಿನ ಜಾಡಿಗೆ ಒರಗಿಸಿ. ಪಾಠ ಕೇಳುವುದು ಕಿವಿಯಿಂದ ತಾನೆ? ಹಲಗೆಯ ಕೆಳಗೆ ನಿಂತು ಈರುಳ್ಳಿ ಹೆಚ್ಚುತ್ತಾ ಕೇಳಿದೆ. ಕೈ ತೊಳೆಯುವುದು, ಹಸಿ ಪದಾರ್ಥಕ್ಕೆ ಬೇರೆ ಚಾಕು, ಬೆಂದದ್ದಕ್ಕೆ ಬೇರೆ ಚಾಕು, ಎಲ್ಲಾ ತಲೆಗೆ ಇಳಿಯಿತು.

ಎರಡನೇ ದಿನ ಪಾಠ ಹೇಳುವ ಮೇಡಂ ಸಿಡಿದರು. "ಏನ್ರೀ ಇದು? ಒಬ್ಬರು ಎದ್ದು ಹೋಗ್ತಾರೆ, ಒಬ್ಬರು ಆಕಳಿಸ್ತಾರೆ! ಆಸ್ಪತ್ರೆ ಕ್ಯಾಂಟೀನಿಂದ ಬಂದಿರೋರನ್ನ ನೋಡಿ. ಎಷ್ಟು ನೆಟ್ಟಗೆ ಕೂತಿದಾರೆ! ಕಣ್ಣು ಕೂಡ ಮಿಟುಕಿಸಲ್ಲ!"

ಆಸ್ಪತ್ರೆ ಕ್ಯಾಂಟೀನಿನಿಂದ ಸೇರಿದ್ದವಳು ನಾನೊಬ್ಬಳೇ. ಎದೆ ಉಬ್ಬಿ ರವಿಕೆ ಬಿಗಿಯಾಯಿತು! ನಿಜ, ನಾನು ಕೂತಿರಲಿಲ್ಲ, ನಿಂತಿದ್ದೆ. ಈರುಳ್ಳಿಗೆ ಕಣ್ಣು ಮಿಟುಕಿಸುತ್ತಲೂ ಇದ್ದೆ. ಆದರೆ ಓದಿದವರು ಹೊಗಳುವಾಗ ನಡುವೆ ಬಾಯಿ ಹಾಕಬಾರದು.

"ಮೇಡಂ ನನ್ನನ್ನೇ ಹೊಗಳಿದ್ರು, ಗೊತ್ತಾ?" ನಾದಿನಿಗೆ ಹೇಳಿದೆ.

"ನಿಮ್ಮನ್ನಾ?"

"ಮತ್ಯಾರನ್ನ? ನಿಮ್ಮಣ್ಣನ್ನಾ?"

ದಿನವೂ ಹೊಗಳಿಕೆ. ದಿನವೂ ನಾನು ಒಂದು ಗೇಣು ಎತ್ತರ. ಕೊನೆಯ ದಿನ ಮೇಡಂ, "ಈ ಬ್ಯಾಚಿನ ಅತ್ಯುತ್ತಮ ವಿದ್ಯಾರ್ಥಿ ಎರಡು ಮಾತಾಡ್ಲಿ. ಆಸ್ಪತ್ರೆ ಕ್ಯಾಂಟೀನಿನವರೇ, ಮೈಕ್ ಆನ್ ಮಾಡಿ" ಎಂದರು. ಕೈ ಒರೆಸಿಕೊಂಡು, ಮೇಲಕ್ಕೆ ಚಾಚಿ, ಮಂಜು ಮಂಜಾಗಿ ಕಂಡ ಮೈಕಿನ ಚಿತ್ರ ಒತ್ತಿದೆ.

"ಎಲ್ಲರಿಗೂ ನಮಸ್ಕಾರ. ನಾನು..."

"ಅಮ್ಮಾ, ಯಾರು ನೀವು? ಮಧ್ಯೆ ಬರ್ಬೇಡಿ. ನಿಮ್ಮ ಯಜಮಾನ್ರು ಮಾತಾಡ್ಲಿ!"

ಕನ್ನಡಕ ಹುಡುಕಿ ಹಾಕಿಕೊಂಡೆ. ಫೋನನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದೆ. ಸಾಲು ಸಾಲು ಪುಟ್ಟ ಚೌಕಗಳು. ಆಕಳಿಸುವವರು, ಕೆರೆದುಕೊಳ್ಳುವವರು. ಅವರ ನಡುವೆ, ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಎದುರು ಗೋಡೆಯ ನಮ್ಮವರು! ಕೆಳಗೆ ಅವರದೇ ಹೆಸರು!

"ಅವರು ಮಾತಾಡಲ್ಲ ಮೇಡಂ" ಎಂದೆ.

"ನೀವು ಬಿಟ್ರೆ ತಾನೆ ಮಾತಾಡೋದು! ಪಾಪ, ಇಷ್ಟು ದಿನ ತುಟಿ ಬಿಚ್ಚಿಲ್ಲ ಆ ಮನುಷ್ಯ!"

ಬಂದದ್ದು ನಗುವೋ ಅಳುವೋ ಗೊತ್ತಾಗಲಿಲ್ಲ. ಫೋನನ್ನು ಮಗುಚಿ ಹಾಕಿದೆ.

ಆಗಲೇ ನಾದಿನಿಯನ್ನು ಕರೆಯಬಹುದಿತ್ತು. ಕರೆದರೆ ನನ್ನ ಘೋಷಣೆಯ ಗತಿ? ಪರೀಕ್ಷೆ ಸರಿಯಾಗಿ ಮಾಡಿದರೆ ಎಲ್ಲಾ ಸರಿಹೋಗುತ್ತದೆ ಎಂದುಕೊಂಡೆ. ಮಾರನೇ ದಿನ ಫೋನಿನಲ್ಲೇ ಪರೀಕ್ಷೆ. ಒಂದೂ ತಪ್ಪಿಲ್ಲದೆ ಒತ್ತಿದೆ. ಸರ್ಟಿಫಿಕೇಟು ಬಂತು. ಅವರ ಹೆಸರಿಗೆ! ಕೆಳಗೆ ಒಂದು ಸಾಲು ಬೇರೆ: ಅಪೂರ್ವ ಏಕಾಗ್ರತೆಯ ವಿದ್ಯಾರ್ಥಿ.

ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅತ್ತಿಗೆ, ಅಣ್ಣ ಜನ್ಮದಲ್ಲಿ ಒಂದು ಪರೀಕ್ಷೆ ಪಾಸಾಗಿರ್ಲಿಲ್ಲ!" ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮ್ಯಾನೇಜರು ಸರ್ಟಿಫಿಕೇಟನ್ನು ನೋಡಿದರು. ನನ್ನನ್ನು ನೋಡಿದರು. "ಏನಮ್ಮ ಇದು? ಒಲೆ ಮುಂದೆ ಇವರನ್ನ ನಿಲ್ಲಿಸ್ಲಾ?"

"ನಿಲ್ಲಿಸಿ ಸಾರ್. ನಾನು ಬೇಡ ಅಂತೀನಾ?"

ಅವರು ತಲೆ ತಗ್ಗಿಸಿದರು. ಸರ್ಟಿಫಿಕೇಟನ್ನು ಹಿಂದಕ್ಕೆ ಕೊಡುತ್ತಾ, "ಇನ್ನೊಂದ್ಸಲ ಸೇರ್ಕೊಳ್ಳಿ. ಅಲ್ಲೀವರೆಗೆ ಪಾತ್ರೆ. ಒಲೆ ಹತ್ರ ಯಾರನ್ನೂ ಕಾಯಂ ಮಾಡಲ್ಲ, ಹೋಗಿ" ಎಂದರು.

ಹಾಗಾಗಿ ಈಗ ಪಾತ್ರೆ ತೊಳೆಯುತ್ತಿದ್ದೇನೆ. ಈ ಸಲ ನಾದಿನಿಯ ಕೈಕಾಲು ಎರಡೂ ಹಿಡಿದೆ. ಅವಳು ಕ್ಲಾಸಿನಲ್ಲಿ ನನ್ನ ಹೆಸರು ಹಾಕಿ, ಫೋನನ್ನು ಫೋಟೊದ ಕೆಳಗೆ ಸ್ಟೂಲಿನ ಮೇಲಿಟ್ಟು, ನನ್ನನ್ನು ಅದರ ಎದುರಿಗೆ ಕೂರಿಸಿದಳು. ಕನ್ನಡಕವಿದೆ. ಈರುಳ್ಳಿ ಇಲ್ಲ. ಕೂತು ಅಭ್ಯಾಸವೇ ಇಲ್ಲದವಳು, ಒಂದು ಸಲ ಬೆನ್ನು ನೆಟ್ಟಗೆ ಮಾಡಿದೆ. ಒಂದು ಸಲ ಒಲೆಯ ಕಡೆ ತಿರುಗಿದೆ. ಅಷ್ಟಕ್ಕೇ ಅದೇ ಮೇಡಂ ಸಿಡಿದರು.

"ಅಮ್ಮಾ, ಒಂದು ಗಳಿಗೆ ಅಲ್ಲಾಡದೆ ಕೂತ್ಕೊಳ್ಳೋಕಾಗಲ್ವಾ? ಹಿಂದಿನ ಬ್ಯಾಚಲ್ಲಿ ನಿಮ್ಮ ಕ್ಯಾಂಟೀನಿನವರೇ ಒಬ್ಬರಿದ್ರು. ಅವರನ್ನ ನೋಡಿ ಕಲೀರಿ!"

ತಲೆ ಎತ್ತಿದೆ. ಇಸ್ತ್ರಿ ಶರ್ಟಿನಲ್ಲಿ ಗಂಭೀರವಾಗಿ ಕೂತಿದ್ದರು, ಅಪೂರ್ವ ಏಕಾಗ್ರತೆಯವರು.

"ಅವರನ್ನೇ ನೋಡ್ತಾ ಇದೀನಿ ಮೇಡಂ" ಎಂದೆ.